ಸುಣ್ಣದ ಗಂಟು

2024ರ ಮಾರ್ಚಿನಲ್ಲಿ ನಮ್ಮ ಮನೆಯಲ್ಲಿ ಬೇಳೆ ಬೇಯುವುದೇ ನಿಂತುಹೋಯಿತು. ಅದೇ ಅಂಗಡಿಯ ತೊಗರಿಬೇಳೆ, ಅದೇ ಕುಕ್ಕರ್, ಅದೇ ಮೂರು ಸೀಟಿ. ಮುಚ್ಚಳ ತೆಗೆದರೆ ಒಂದೊಂದು ಬೇಳೆಯೂ ಬಿಡಿಬಿಡಿಯಾಗಿ ತಳದಲ್ಲಿ ಕೂತಿರುತ್ತಿತ್ತು. ಆರು ಸೀಟಿ ಕೂಗಿಸಿದರೂ ಸೌಟಿಗೆ ಮಣಿಯಲಿಲ್ಲ. ಅಮ್ಮ ಮೊದಲ ದಿನ ಬೇಳೆ ಹಳೇದು ಅಂದಳು, ಎರಡನೇ ದಿನ ಗ್ಯಾಸ್ಕೆಟ್ ಸಡಿಲ ಅಂದಳು, ಮೂರನೇ ದಿನ ಕೆಳಗಿನ ಸಂಪಿನ ಕಡೆ ಬಗ್ಗಿ ನೋಡಿ, "ಇದು ಟ್ಯಾಂಕರ್ ನೀರಿನ ಕೆಲಸ ಕಣೋ" ಅಂದಳು.

ಆ ಬೇಸಿಗೆ ಬೆಂಗಳೂರಿನವರಿಗೆ ನೆನಪಿದೆ. ಬೋರ್‌ವೆಲ್‌ಗಳು ಬತ್ತಿದ್ದವು, ಬೀದಿಬೀದಿಯಲ್ಲಿ ಟ್ಯಾಂಕರ್ ಕಾಯುವುದೇ ಕೆಲಸವಾಗಿತ್ತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರ ಸೇರಿ ನಾವಿರುವ ಬಿಟಿಎಂ ಬಡಾವಣೆಯ ಹೆಸರಾಗಿದೆ. ಅದರಲ್ಲಿ ಒಂದು ಊರು ಹೆಸರಿನಲ್ಲೇ ಕೆರೆ ಇಟ್ಟುಕೊಂಡಿದೆ, ಇನ್ನೊಂದರ ಕೆರೆ ಇವತ್ತಿಗೂ ಬಡಾವಣೆಯ ಮಗ್ಗುಲಲ್ಲಿದೆ. ಆದರೂ ನಮ್ಮ ಸಂಪಿಗೆ ಬಂದದ್ದು ಎಲ್ಲೋ ದೂರದ ಆಳದ ಬೋರಿನಿಂದ ಎತ್ತಿದ ಗಡಸು ನೀರು. ಕಾಯಿಸಿದ ಪಾತ್ರೆಯ ಅಂಚಿಗೆ ಬಿಳಿ ಪದರ, ನಲ್ಲಿಯ ಬಾಯಿಗೆ ಬಿಳಿ ಪದರ. ಉಗುರಲ್ಲಿ ಕೆರೆದರೆ ಸುಣ್ಣ.

ಅಮ್ಮ ಮರುದಿನ ಬೇಳೆಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದಳು. ಮೂರೇ ಸೀಟಿಗೆ ಕರಗಿತು.

ಈ ಬೇಳೆಯ ಕಥೆಯನ್ನು ಇಲ್ಲೇಕೆ ತೆಗೆದೆ ಎಂದರೆ, ಅದೇ ವಾರ ನಾನು ಆಲೂಗಡ್ಡೆಯಲ್ಲೂ ಸೋತಿದ್ದೆ. ಮಗಳಿಗೆ ಎಲ್ಲೋ ತಿಂದ ಚೀಸ್ ತುಂಬಿದ ಆಲೂಗಡ್ಡೆ ಮನೆಯಲ್ಲೂ ಬೇಕಾಗಿತ್ತು. ಗಡ್ಡೆ ಬೇಯಿಸಿ, ಎರಡು ಹೋಳು ಮಾಡಿ, ಒಳಗಿನದ್ದನ್ನು ಚಮಚದಲ್ಲಿ ತೋಡಿ, ಅದಕ್ಕೆ ಚೀಸ್, ಹಸಿಮೆಣಸಿನಕಾಯಿ, ಕೊತ್ತಂಬರಿ ಸೇರಿಸಿ ಮತ್ತೆ ಅದೇ ಬಟ್ಟಲಿಗೆ ತುಂಬಿ ಕಾಯಿಸುವುದು, ಅಷ್ಟೇ. ಅಮ್ಮನ ಪ್ರಕಾರ ಇದರಲ್ಲಿ ಹೊಸದೇನೂ ಇಲ್ಲ, "ಬದನೆಕಾಯಿ ಎಣ್ಣೆಗಾಯಿ ಥರಾನೇ, ಹೂರಣ ಮಾತ್ರ ಬೇರೆ." ಧೈರ್ಯ ಬಂತು. ಗಡ್ಡೆಯನ್ನು ಬೇಳೆಯ ಹಾಗೇ ಕುಕ್ಕರಿಗೆ ಹಾಕಿದೆ. ಸಿಪ್ಪೆ ಸೀಳಿ, ತೋಡಲು ಹೋದರೆ ಬಟ್ಟಲು ಬಾಯಿ ಬಿಟ್ಟುಕೊಂಡಿತು. ಒಳಗಿನದ್ದು ನುಣ್ಣಗಾಗಲಿ ಎಂದು ಮಿಕ್ಸಿಗೆ ಹಾಕಿದೆ. ಹೊರಬಂದದ್ದು ಗೋಡೆಗೆ ಪೋಸ್ಟರ್ ಅಂಟಿಸುವ ಮೈದಾ ಗೋಂದು. ಚೀಸ್ ಸಾಲದೆ ಬಂದಾಗ ಪನ್ನೀರ್ ತುರಿದು ಹಾಕಿದೆ. ಅದು ಕರಗಲೇ ಇಲ್ಲ. ಮಗಳು ಒಂದು ತುತ್ತು ತಿಂದು, "ಅಪ್ಪಾ, ಇದಕ್ಕೆ ಸೋಡಾ ಹಾಕಕ್ಕಾಗಲ್ವಾ?" ಅಂತ ಕೇಳಿದಳು.

ಅವಳು ತಮಾಷೆಗೆ ಕೇಳಿದ್ದು. ಆಮೇಲೆ ಕೂತು ಯೋಚಿಸಿದರೆ ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿತ್ತು. ಬೇಯದ ಬೇಳೆ, ಒಡೆದ ಗಡ್ಡೆ, ಕರಗದ ಪನ್ನೀರ್ ಮೂರರ ಹಿಂದೆಯೂ ಇದ್ದದ್ದು ಸುಣ್ಣ, ಅಂದರೆ ಕ್ಯಾಲ್ಸಿಯಂ. ಒಂದು ಕಡೆ ಅದು ಬಿಗಿಯಬಾರದ ಜಾಗದಲ್ಲಿ ಬಿಗಿದಿತ್ತು, ಇನ್ನೊಂದು ಕಡೆ ಬಿಗಿಯುವ ಮೊದಲೇ ನಾನು ಗೋಡೆ ಕೆಡವಿದ್ದೆ, ಮೂರನೆಯ ಕಡೆ ಬಿಚ್ಚೋಣವೆಂದರೆ ಗಂಟೇ ಇರಲಿಲ್ಲ.

ಮೊದಲು ಗಡ್ಡೆಯ ವಿಚಾರ. ಹಳೆಯ ಬೆಂಗಳೂರಿನ ಮನೆಗಳ ಗೋಡೆ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಇಟ್ಟಿಗೆ, ನಡುವೆ ಸುಣ್ಣದ ಗಾರೆ. ಆಲೂಗಡ್ಡೆಯೂ ಹಾಗೇ. ಇಟ್ಟಿಗೆಯ ಜಾಗದಲ್ಲಿ ಜೀವಕೋಶಗಳು, ಪ್ರತಿಯೊಂದರ ಹೊಟ್ಟೆಯಲ್ಲೂ ಪಿಷ್ಟದ ಹರಳುಗಳು. ಕೋಶ ಮತ್ತು ಕೋಶದ ನಡುವೆ ಪೆಕ್ಟಿನ್ ಎಂಬ ಗಾರೆ. ಪೆಕ್ಟಿನ್ ಅಂದರೆ ಉದ್ದುದ್ದ ಸಕ್ಕರೆಯ ಸರಪಳಿ, ಅದರ ಮೈಮೇಲೆ ಅಲ್ಲಲ್ಲಿ ಋಣ ವಿದ್ಯುದಂಶ. ಕ್ಯಾಲ್ಸಿಯಂಗೆ ಎರಡು ಧನ ವಿದ್ಯುದಂಶ, ಹಾಗಾಗಿ ಅದು ಒಂದು ಕೈಯಲ್ಲಿ ಈ ಸರಪಳಿ, ಇನ್ನೊಂದು ಕೈಯಲ್ಲಿ ಆ ಸರಪಳಿ ಹಿಡಿದುಕೊಳ್ಳುತ್ತದೆ. ರಸಾಯನಶಾಸ್ತ್ರಜ್ಞರು ಇದಕ್ಕೆ ಮೊಟ್ಟೆ ಡಬ್ಬಿಯ ಮಾದರಿ ಎಂದು ಹೆಸರಿಟ್ಟಿದ್ದಾರೆ. ಅಂಗಡಿಯಲ್ಲಿ ಒಂದರ ಮೇಲೊಂದು ಪೇರಿಸಿದ ಮೊಟ್ಟೆ ಟ್ರೇ ನೆನೆಸಿಕೊಳ್ಳಿ. ಟ್ರೇಗಳು ಪೆಕ್ಟಿನ್, ಗುಳಿಯಲ್ಲಿ ಕೂತ ಮೊಟ್ಟೆಗಳು ಕ್ಯಾಲ್ಸಿಯಂ. ಬೂದುಗುಂಬಳದ ಪೇಠಾ ಮಾಡುವವರು ಹೋಳುಗಳನ್ನು ಸುಣ್ಣದ ತಿಳಿನೀರಿನಲ್ಲಿ ನೆನೆಹಾಕುವುದು ಈ ಗುಳಿಗಳನ್ನು ತುಂಬಲಿಕ್ಕೇ. ಪಾಕದಲ್ಲಿ ಎಷ್ಟು ಹೊತ್ತು ಕುದಿದರೂ ಹೋಳು ಕರಗದೆ ಕರುಂ ಅನ್ನುತ್ತದೆ.

ತೊಗರಿಬೇಳೆಗೂ ಟ್ಯಾಂಕರ್ ನೀರು ಮಾಡಿದ್ದು ಅದನ್ನೇ, ನಾವು ಕೇಳಿರಲಿಲ್ಲ ಅಷ್ಟೇ. ಸೋಡಾ ಬಿದ್ದಾಗ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ನೀರಿನ ಕ್ಯಾಲ್ಸಿಯಂ ಬಹುಪಾಲು ಸೋಡಾದ ಜೊತೆ ಸೇರಿ ಕೆಳಗೆ ಕೂರುತ್ತದೆ, ನೀರು ಕ್ಷಾರವಾಗುವುದರಿಂದ ಪೆಕ್ಟಿನ್ ಸರಪಳಿ ಬೇಗ ತುಂಡಾಗುತ್ತದೆ. ಹುಳಿ ಇದಕ್ಕೆ ತದ್ವಿರುದ್ಧ. ಬೇಳೆ ಬೇಯುವ ಮುಂಚೆ ಹುಣಸೆಹಣ್ಣು ಹಾಕಬೇಡ ಅಂತ ಎಲ್ಲ ಮನೆಯ ಅಜ್ಜಿಯರೂ ಹೇಳುವ ಮಾತು ಪೆಕ್ಟಿನ್ ವಿಷಯದಲ್ಲಿ ಪೂರ್ತಿ ಸತ್ಯ.

ಈಗ ಕುಕ್ಕರಿಗೆ ಬರೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಇಲ್ಲಿ ನೀರು 100ಕ್ಕಲ್ಲ, 97 ಡಿಗ್ರಿಯ ಸುತ್ತ ಕುದಿಯುತ್ತದೆ. ಕುಕ್ಕರಿನ ಒಳಗೆ ಅದು 119ರ ತನಕ ಏರುತ್ತದೆ. ವ್ಯತ್ಯಾಸ 22 ಡಿಗ್ರಿ. ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸ್ಥೂಲವಾಗಿ ಇಮ್ಮಡಿ ಎಂಬ ಲೆಕ್ಕ ಹಿಡಿದರೂ, ಗಾರೆ ಕುಸಿಯುವ ವೇಗ ನಾಲ್ಕೂವರೆ ಪಟ್ಟು. ಪಲ್ಯಕ್ಕೆ, ಬೋಂಡಾಕ್ಕೆ ಇದು ವರ. ಬಟ್ಟಲು ನಿಲ್ಲಿಸಬೇಕಾದ ಅಡುಗೆಗೆ ಶಾಪ.

ಹಾಗಾದರೆ ಗೋಡೆಯನ್ನು ಗಟ್ಟಿ ಮಾಡುವುದು ಹೇಗೆ? ಸುಣ್ಣ ಹೊರಗಿಂದ ತರಬೇಕಿಲ್ಲ, ಗಡ್ಡೆಯ ಒಳಗೇ ಇದೆ. ಅದನ್ನು ಹಿಡಿಯುವ ಗುಳಿಗಳೂ ಇವೆ, ಆದರೆ ಬಹಳಷ್ಟಕ್ಕೆ ಮೀಥೈಲ್ ಎಂಬ ಮುಚ್ಚಳ ಹಾಕಿರುತ್ತದೆ. ಆ ಮುಚ್ಚಳ ತೆಗೆಯುವ ಕಿಣ್ವವೊಂದು ಗಡ್ಡೆಯಲ್ಲೇ ಕೂತಿದೆ. ಅದು ಬಹಳ ಚುರುಕಾಗಿ ಕೆಲಸ ಮಾಡುವುದು 55ರಿಂದ 65 ಡಿಗ್ರಿಯ ನಡುವೆ. ಅದಕ್ಕಿಂತ ಬಹಳ ಮೇಲೆ ಹೋದರೆ ಸತ್ತುಹೋಗುತ್ತದೆ. ಕುದಿಯುವ ನೀರಿಗೆ ಗಡ್ಡೆ ಎಸೆದರೆ ಹೊರಪದರದ ಕಿಣ್ವಕ್ಕೆ ಸಮಯವೇ ಸಿಗುವುದಿಲ್ಲ. ಅರ್ಧ ಗಂಟೆ ಹದವಾದ ಬಿಸಿಯಲ್ಲಿ ಕೂರಿಸಿದರೆ ಅದು ನೆಮ್ಮದಿಯಾಗಿ ಮುಚ್ಚಳಗಳನ್ನೆಲ್ಲ ತೆಗೆದಿಡುತ್ತದೆ, ಸುಣ್ಣ ಬಂದು ಗಂಟು ಹಾಕುತ್ತದೆ. ಆಮೇಲೆ ಕುದಿಸಿದರೂ ಗಾರೆ ಅಷ್ಟು ಸುಲಭಕ್ಕೆ ಸಡಿಲವಾಗುವುದಿಲ್ಲ. 1950ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾ ಸಮೀಪದ ಸರ್ಕಾರಿ ಪ್ರಯೋಗಾಲಯದವರು ಆಲೂಗಡ್ಡೆಯ ಒಣ ಹಪ್ಪಳಚೂರು ಮಾಡುವಾಗ, ಗಡ್ಡೆಯನ್ನು ಮೊದಲು 70ರ ಆಸುಪಾಸಿನಲ್ಲಿ ಕಾಯಿಸಿ, ತಣಿಸಿ, ಆಮೇಲೆ ಬೇಯಿಸುವ ಕ್ರಮ ಹಿಡಿದರು. ಇಂದಿನ ಪೊಟ್ಟಣದ ಆಲೂ ಪುಡಿ ನೀರಿಗೆ ಹಾಕಿದ ಕೂಡಲೇ ಅಂಟಾಗದೆ ಮುದ್ದೆಯಾಗುವುದು ಆ ಕ್ರಮದ ಪುಣ್ಯ.

ನಮ್ಮನೆಯಲ್ಲಿ ಥರ್ಮಾಮೀಟರ್ ಇದ್ದದ್ದು ಜ್ವರಕ್ಕೆ ಮಾತ್ರ. ನೀರಿನ ಬಿಸಿಗೆ ಲೆಕ್ಕವೇ ಸಾಕು. ಎರಡು ಲೀಟರ್ ನೀರು ಕುದಿಸಿ, ಒಲೆ ಆರಿಸಿ, ಒಂದು ಲೀಟರ್ ನಲ್ಲಿ ನೀರು ಸುರಿದು, ಒಂದು ಕೆಜಿ ಗಡ್ಡೆ ಹಾಕಿ. 97ರ ನೀರು, 25ರ ನೀರು, 25ರ ಗಡ್ಡೆ ಮೂರೂ ಸೇರಿ ಸಮನಾದಾಗ ಸುಮಾರು 63 ಡಿಗ್ರಿ. ಪಾತ್ರೆ ತಾನು ಒಂದಿಷ್ಟು ಬಿಸಿ ಕುಡಿಯುತ್ತದೆ, ಅದನ್ನು ಕಳೆದರೆ 60. ತಟ್ಟೆ ಮುಚ್ಚಿ, ಮೇಲೊಂದು ಹಳೇ ಟವೆಲ್ ಹೊದಿಸಿ ಅರ್ಧ ಗಂಟೆ ಮರೆತುಬಿಡಿ. ಆಮೇಲೆ ಇಡ್ಲಿ ಪಾತ್ರೆ. ಹಬೆಯಲ್ಲಿ ಗಡ್ಡೆ ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ಮುಷ್ಟಿಗಿಂತ ಸಣ್ಣ ಗಡ್ಡೆಗೆ ಮೂವತ್ತೈದು ನಲವತ್ತು ನಿಮಿಷ. ಕಡ್ಡಿ ಚುಚ್ಚಿ ನೋಡಿ.

ಯಾವ ಗಡ್ಡೆ ಅನ್ನುವುದೂ ಮುಖ್ಯ. ಮಡಿವಾಳ ಮಾರ್ಕೆಟ್ಟಿನಲ್ಲಿ ಸಾಮಾನ್ಯವಾಗಿ ಎರಡು ರಾಶಿ ಇರುತ್ತದೆ, ಹಾಸನದ್ದು ಮತ್ತು ಆಗ್ರಾದ್ದು. ಹಾಸನದಲ್ಲಿ ಮುಂಗಾರಿನ ಮಳೆಗೆ ಬಿತ್ತುತ್ತಾರೆ. ಅಲ್ಲಿ ಬಹುಕಾಲ ನೆಚ್ಚಿಕೊಂಡ ತಳಿ ಕುಫ್ರಿ ಜ್ಯೋತಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಅದನ್ನು ಹೊರತಂದದ್ದು 1968ರಲ್ಲಿ. ಬಿತ್ತನೆ ಗಡ್ಡೆ ಬರುವುದು ಪಂಜಾಬಿನಿಂದ, ಮಳೆ ಹೆಚ್ಚಾದರೆ ಅಂಗಮಾರಿ ಬಂದು ಹೊಲಕ್ಕೆ ಹೊಲವೇ ಕಪ್ಪಾಗುತ್ತದೆ, ಅದು ಬೇರೆಯೇ ದುಃಖದ ಅಧ್ಯಾಯ. ಆಗ್ರಾದ ಗಡ್ಡೆ ಫೆಬ್ರುವರಿ ಮಾರ್ಚಿನಲ್ಲಿ ಕಿತ್ತು, ತಿಂಗಳುಗಟ್ಟಲೆ ಶೀತಲಗೃಹದಲ್ಲಿ ಮಲಗಿ ಬರುತ್ತದೆ. 2ರಿಂದ 4 ಡಿಗ್ರಿಯ ಚಳಿಯಲ್ಲಿ ಗಡ್ಡೆ ತನ್ನ ಪಿಷ್ಟವನ್ನು ಒಂದಿಷ್ಟು ಸಕ್ಕರೆ ಮಾಡಿಕೊಳ್ಳುತ್ತದೆ. ಕರಿದರೆ ಬೇಗ ಕಂದಾಗುವುದು, ನಾಲಗೆಗೆ ಸಿಹಿ ತಾಗುವುದು ಅದಕ್ಕೇ. ಹಸಿ ಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಬೇಡಿ ಅನ್ನುವುದಕ್ಕೂ ಅದೇ ಕಾರಣ.

ತುಂಬುವ ಅಡುಗೆಗೆ ಪಿಷ್ಟ ಜಾಸ್ತಿ ಇರುವ, ಹಿಟ್ಟುಹಿಟ್ಟಾದ ಗಡ್ಡೆ ಬೇಕು. ಅಂಗಡಿಯವರನ್ನು ಕೇಳಿದರೆ ಎಲ್ಲವೂ ಹಿಟ್ಟಾಗಿಯೇ ಇರುತ್ತದೆ. ಮನೆಯಲ್ಲಿ ಪರೀಕ್ಷೆ ಮಾಡುವುದು ಸುಲಭ. ಒಂದು ಲೀಟರ್ ನೀರಿಗೆ 120 ಗ್ರಾಂ ಉಪ್ಪು ಕರಗಿಸಿ, ಗಡ್ಡೆ ಬಿಡಿ. ಮುಳುಗಿದ್ದು ಪಿಷ್ಟದ ಗಡ್ಡೆ, ತೇಲಿದ್ದು ನೀರಿನ ಗಡ್ಡೆ. ಪಿಷ್ಟ ನೀರಿಗಿಂತ ತೂಕದ್ದು, ಅದರ ಪಾಲು ಹೆಚ್ಚಾದಷ್ಟೂ ಗಡ್ಡೆ ಸಾಂದ್ರ. ನಾವು ಹೀಗೆ ಬಿಟ್ಟಾಗ ಒಂದೇ ಚೀಲದ ಒಂಬತ್ತು ಗಡ್ಡೆಯಲ್ಲಿ ಆರು ಮುಳುಗಿದವು, ಎರಡು ತೇಲಿದವು, ಒಂದು ಯಾವುದನ್ನೂ ತೀರ್ಮಾನಿಸದೆ ನಡುವೆ ನಿಂತಿತು. ಮಗಳು ಅದಕ್ಕೆ ನನ್ನ ಹೆಸರಿಟ್ಟಳು.

ಮಿಕ್ಸಿಯ ಗೋಂದು ಯಾಕಾಯಿತು ಎಂಬುದು ಈಗ ಹೊಳೆದಿರಬೇಕು. ಬೇಯಿಸಿದಾಗ 60 ಡಿಗ್ರಿ ದಾಟುತ್ತಿದ್ದಂತೆ ಪಿಷ್ಟದ ಹರಳುಗಳು ನೀರು ಕುಡಿದು ಕೋಶದ ತುಂಬ ಉಬ್ಬಿಕೊಳ್ಳುತ್ತವೆ. ಕೈಯಲ್ಲಿ ಹಿಸುಕಿದರೆ ಕೋಶಗಳು ಒಂದರಿಂದೊಂದು ಬೇರ್ಪಡುತ್ತವೆಯೇ ಹೊರತು ಒಡೆಯುವುದಿಲ್ಲ, ಬೆಂದ ಗಡ್ಡೆ ಬಾಯಲ್ಲಿ ಮರಳುಮರಳಾಗಿ ಉದುರುವುದು ಇಡೀ ಇಡೀ ಕೋಶಗಳಾಗಿ. ಮಿಕ್ಸಿಯ ಬ್ಲೇಡು ಕೋಶವನ್ನೇ ಸೀಳಿ ಪಿಷ್ಟವನ್ನು ಹೊರಗೆ ಚೆಲ್ಲುತ್ತದೆ. ಆಮೇಲೆ ಅದನ್ನು ಯಾವ ಬೆಣ್ಣೆಯೂ ಉಳಿಸಲಾರದು. ಬೆಂದ ಗಡ್ಡೆಯನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಇನ್ನೊಂದು ಲಾಭ. ಉಬ್ಬಿದ ಪಿಷ್ಟದ ಎಳೆಗಳು ತಣ್ಣಗಾಗುತ್ತಾ ಮತ್ತೆ ಒತ್ತೊತ್ತಾಗಿ ಜೋಡಿಸಿಕೊಂಡು ಗಟ್ಟಿಯಾಗುತ್ತವೆ, ರಾತ್ರಿಯ ಅನ್ನ ಬೆಳಗ್ಗೆ ಚಿತ್ರಾನ್ನಕ್ಕೆ ಉದುರುದುರಾಗುವ ಹಾಗೆ. ಅಂಥ ಗಡ್ಡೆಯನ್ನು ಚಮಚ ಬೆಣ್ಣೆಯಂತೆ ತೋಡುತ್ತದೆ. ಅರ್ಧ ಬೆರಳಿನಷ್ಟು ದಪ್ಪ ಗೋಡೆ ಬಿಟ್ಟರೆ ಸಾಕು.

ಇನ್ನು ಚೀಸ್. ಅದರ ಕಥೆಗೆ ನಮ್ಮ ಬಡಾವಣೆಯಿಂದ ಬಹಳ ದೂರ ಹೋಗಬೇಕಿಲ್ಲ. ತಾವರೆಕೆರೆಯಿಂದ ನಡೆದೇ ಹೋದರೆ ಡೈರಿ ಸರ್ಕಲ್. ಬೆಂಗಳೂರು ಡೈರಿ ಇರುವುದರಿಂದ ಬಂದ ಹೆಸರು, ನಂದಿನಿಯ ಕಚೇರಿಯೂ ಅಲ್ಲೇ. ಇನ್ನೊಂದಿಷ್ಟು ಮುಂದೆ ಆಡುಗೋಡಿಯಲ್ಲಿ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ. ಇವತ್ತು ಆ ಸಂಸ್ಥೆ ಅಂದರೆ ಎಲ್ಲರಿಗೂ ಹರಿಯಾಣದ ಕರ್ನಾಲ್ ನೆನಪಾಗುತ್ತದೆ. ಆದರೆ ಅದು ಹುಟ್ಟಿದ್ದು 1923ರಲ್ಲಿ, ಬೆಂಗಳೂರಿನಲ್ಲಿ. ಕರ್ನಾಲಿಗೆ ಹೋದದ್ದು 1955ರಲ್ಲಿ. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿಗೆ ಬಂದಿದ್ದ ಗಾಂಧೀಜಿ ಇಲ್ಲಿಗೆ ಬಂದು, ಮದನಮೋಹನ ಮಾಳವೀಯರೊಂದಿಗೆ ದನ ಸಾಕಣೆಯ ಪಾಠ ಕಲಿತರು. ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತ ಎಂದು ಬರೆದುಕೊಂಡರು. ಹಸುವಿನ ಹಾಲು ಬಿಟ್ಟು ಆಡಿನ ಹಾಲು ಕುಡಿಯುತ್ತಿದ್ದವರು ಅವರು ಎಂಬುದನ್ನು ನೆನೆದರೆ ಆ ಪಾಠದ ಗಂಭೀರತೆ ಇನ್ನೂ ಹೆಚ್ಚುತ್ತದೆ.

ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇದೆ. ಅದರ ಹೆಚ್ಚುಪಾಲು ಕೇಸೀನ್ ಎಂಬ ಪ್ರೋಟೀನಿನ ಸಣ್ಣ ಸಣ್ಣ ಉಂಡೆಗಳ ಒಳಗೆ ಫಾಸ್ಫೇಟಿನ ಜೊತೆ ಸೇರಿ ಗಂಟಾಗಿ ಕೂತಿರುತ್ತದೆ. ಹಾಲಿಗೆ ರೆನೆಟ್ ಎಂಬ ಕಿಣ್ವ ಹಾಕಿದರೆ ಉಂಡೆಗಳ ಮೇಲಿನ ಕೂದಲಿನಂಥ ಎಳೆ ಕತ್ತರಿಸಿಹೋಗಿ, ಉಂಡೆಗಳು ಕ್ಯಾಲ್ಸಿಯಂ ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದೇ ಚೀಸಿನ ಬಲೆ, ಬಲೆಯೊಳಗೆ ಕೊಬ್ಬು ಮತ್ತು ನೀರು ಸೆರೆ. (ಹಿಂದೆ ರೆನೆಟ್ ತೆಗೆಯುತ್ತಿದ್ದದ್ದು ಎಳೆಗರುವಿನ ಹೊಟ್ಟೆಯಿಂದ. ನಮ್ಮ ಅಂಗಡಿಗಳ ಹಸಿರು ಚುಕ್ಕೆಯ ಚೀಸಿಗೆ ಬಳಸುವುದು ಸೂಕ್ಷ್ಮಜೀವಿಗಳಿಂದ ತೆಗೆದದ್ದು. ಅಮ್ಮ ಇದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ರುಚಿ ನೋಡಿದ್ದು.)

ಮೊಜರೆಲ್ಲಾ ಮಾಡುವಾಗ ಹುಳಿಯನ್ನು ಒಂದು ಹದಕ್ಕೆ ತಂದು ನಿಲ್ಲಿಸುತ್ತಾರೆ. ಗಂಟುಗಳಲ್ಲಿ ಒಂದಿಷ್ಟು ಬಿಚ್ಚಿ, ಒಂದಿಷ್ಟು ಉಳಿಯಬೇಕು. ಆಗ ಬಿಸಿನೀರಲ್ಲಿ ನಾದಿ ಎಳೆದರೆ ಕೇಸೀನ್ ಉದ್ದನೆಯ ಎಳೆಯಾಗುತ್ತದೆ, ಮಕ್ಕಳು ತಟ್ಟೆಯಿಂದ ಬಾಯಿಯ ತನಕ ಎಳೆಯುವ ಆ ದಾರ. ಪನ್ನೀರಿಗೆ ನಾವು ಕುದಿಯುವ ಹಾಲಿಗೇ ನಿಂಬೆರಸ ಸುರಿಯುತ್ತೇವೆ. ಹುಳಿಗೆ ಗಂಟಿನ ಕ್ಯಾಲ್ಸಿಯಂ ಬಹುಪಾಲು ಕರಗಿ ನೀರಿನ ಜೊತೆ ಹೋಗುತ್ತದೆ, ಕುದಿಗೆ ಹಾಲಿನ ಬೇರೆ ಪ್ರೋಟೀನುಗಳೂ ಬಂದು ಕೇಸೀನಿಗೆ ಮೆತ್ತಿಕೊಳ್ಳುತ್ತವೆ. ಪ್ರೋಟೀನುಗಳು ನೇರವಾಗಿ ಒಂದನ್ನೊಂದು ತಬ್ಬಿಕೊಂಡಿರುವಲ್ಲಿ ಬಿಸಿ ಬಂದು ಸಡಿಲಿಸಲು ಏನೂ ಉಳಿದಿಲ್ಲ. ಎಣ್ಣೆಯಲ್ಲಿ ಕರಿದರೂ ಪನ್ನೀರ್ ಚೌಕವಾಗಿಯೇ ಇರುವುದು ಅದರ ಗುಣ, ನಾನು ಅದನ್ನು ಕರಗಲು ಕೇಳಿದ್ದು ನನ್ನ ತಪ್ಪು.

ಹೆಚ್ಚು ದಿನ ಇಟ್ಟ ಗಟ್ಟಿ ಚೀಸಿಗೆ ಇನ್ನೊಂದು ಕಾಯಿಲೆ. ಬಿಸಿ ಹೆಚ್ಚಾದರೆ ಬಲೆ ಕುಗ್ಗಿ, ಕೊಬ್ಬು ಎಣ್ಣೆಯಾಗಿ ಜಾರಿ, ಗಡ್ಡೆಯ ಮೇಲೆ ರಬ್ಬರಿನ ಮುದ್ದೆ, ಸುತ್ತ ಹಳದಿ ಎಣ್ಣೆಯ ಕೊಳ. 1911ರಲ್ಲಿ ಸ್ವಿಟ್ಜರ್ಲೆಂಡಿನ ಥೂನ್ ಊರಿನಲ್ಲಿ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಸ್ ಸ್ಟೆಟ್ಲರ್ ಇದಕ್ಕೆ ಮದ್ದು ಕಂಡುಕೊಂಡರು: ಚೀಸ್ ಕರಗಿಸುವಾಗ ಸಿಟ್ರೇಟ್ ಹಾಕುವುದು. ಸಿಟ್ರೇಟ್ ಕ್ಯಾಲ್ಸಿಯಂ ಕಂಡರೆ ಬಿಡುವುದಿಲ್ಲ, ಗಂಟಿನಿಂದ ಕಿತ್ತುಕೊಳ್ಳುತ್ತದೆ. ಬಿಡಿಯಾದ ಕೇಸೀನ್ ಕೊಬ್ಬಿನ ಹನಿಗಳನ್ನು ಸುತ್ತಿಕೊಂಡು ನೀರಿನಲ್ಲಿ ತೇಲಿಸುತ್ತದೆ. ಸಂಸ್ಕರಿತ ಚೀಸ್ ಹುಟ್ಟಿದ್ದು ಹೀಗೆ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಐಎನ್‌ಎಸ್ 331 ಎಂದಿದ್ದರೆ ಅದು ಸೋಡಿಯಂ ಸಿಟ್ರೇಟ್, 339 ಎಂದಿದ್ದರೆ ಸೋಡಿಯಂ ಫಾಸ್ಫೇಟ್.

ಮಗಳ ಸೋಡಾ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ನಿಂಬೆರಸದಲ್ಲಿರುವುದು ಸಿಟ್ರಿಕ್ ಆಮ್ಲ, ಅದಕ್ಕೆ ಅಡುಗೆ ಸೋಡಾ ಸೇರಿದರೆ ಸೋಡಿಯಂ ಸಿಟ್ರೇಟ್. ಒಂದು ದೊಡ್ಡ ಚಮಚ ನಿಂಬೆರಸದಲ್ಲಿ ಮುಕ್ಕಾಲು ಗ್ರಾಮಿಗಿಂತ ಸ್ವಲ್ಪ ಹೆಚ್ಚು ಆಮ್ಲ ಇರುತ್ತದೆ, ಅದಕ್ಕೆ ಕಾಲು ಚಿಕ್ಕ ಚಮಚ ಸೋಡಾ ಸರಿಹೋಗುತ್ತದೆ. ಬುರುಬುರು ಉಕ್ಕಿ ನಿಂತ ಮೇಲೆ ಎರಡು ಚಮಚ ಹಾಲು ಸೇರಿಸಿ ಬೆಚ್ಚಗೆ ಮಾಡಿ, 50 ಗ್ರಾಂ ತುರಿದ ಗಟ್ಟಿ ಚೀಸ್ ಬಿಡಿ. ಸಣ್ಣ ಉರಿಯಲ್ಲಿ ತಿರುವಿದರೆ ಗಂಟಿಲ್ಲದ, ಎಣ್ಣೆ ಬಿಡದ ಸಾರಿನಂಥ ಚೀಸ್. ಉಪ್ಪು ರುಚಿ ನೋಡಿಯೇ ಹಾಕಿ, ಸಿಟ್ರೇಟೂ ಉಪ್ಪುಪ್ಪಾಗಿರುತ್ತದೆ. ಹೂರಣಕ್ಕೆ ಇದು, ಮೇಲೆ ಉದುರಿಸಲು ಮೊಜರೆಲ್ಲಾ. ಒಂದಕ್ಕೆ ನುಣುಪು, ಇನ್ನೊಂದಕ್ಕೆ ದಾರ.

ಓವನ್ ನಮ್ಮಲ್ಲಿಲ್ಲ, ಬಿಟಿಎಂನ ಬಾಡಿಗೆ ಮನೆಗಳಲ್ಲೂ ಪಿಜಿಗಳಲ್ಲೂ ಬಹಳ ಕಡೆ ಇರುವುದಿಲ್ಲ. ದೋಸೆ ಕಾವಲಿ ಇದೆ. ತುಂಬಿದ ಗಡ್ಡೆಗಳನ್ನು ಬೆನ್ನಡಿಯಾಗಿ ಇಟ್ಟು, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಒಳಗೆಲ್ಲ ಬಿಸಿಯೇರಿದ ಮೇಲೆ ಮುಖ ಅಡಿಯಾಗಿ ಮಗುಚಿ, ಮುಚ್ಚಳ ತೆಗೆದು, ಉರಿ ಸ್ವಲ್ಪ ಹೆಚ್ಚಿಸಿ. ಈಗ ಸಟ್ಟುಗ ಕೈಯಲ್ಲಿ ಹಿಡಿದು ಸುಮ್ಮನೆ ನಿಲ್ಲುವುದೇ ಕಷ್ಟದ ಕೆಲಸ. ಮೊದಲು ಚುರ್ ಎಂದು ಜೋರು ಸದ್ದು, ಅದು ಚೀಸಿನ ನೀರು ಆವಿಯಾಗುವುದು. ನೀರು ಇರುವ ತನಕ ಚೀಸ್ 97 ದಾಟುವುದಿಲ್ಲ, ಕಾವಲಿಗೆ ಅಂಟಿಕೊಂಡಿರುತ್ತದೆ. ಸದ್ದು ಸಣ್ಣಗಾಗುತ್ತಾ ಬಂದು, ಅಂಚಿನಲ್ಲಿ ಕಂದು ಜಾಲರಿ ಕಂಡು, ಹುರಿದ ಬೀಜದಂಥ ವಾಸನೆ ಬಂತೆಂದರೆ 140 ದಾಟಿತು. ಆಗ ಅದು ದೋಸೆಯ ಹಾಗೆ ತಾನಾಗೇ ಬಿಡುತ್ತದೆ. ಅದಕ್ಕಿಂತ ಮುಂಚೆ ಕೆದಕಿದರೆ ಹೂರಣ ಕಾವಲಿಗೆ, ಬಟ್ಟಲು ನಿಮಗೆ.

ಮುಳುಗಿದ ಆರು ಗಡ್ಡೆಗಳಲ್ಲಿ ಮೂರನ್ನು 60 ಡಿಗ್ರಿಯ ನೀರಿನಲ್ಲಿ ಕೂರಿಸಿ, ಮೂರನ್ನು ಹಾಗೇ ಇಡ್ಲಿ ಪಾತ್ರೆಗೆ ಹಾಕಿದೆವು. ಯಾವುದು ಯಾವುದೆಂದು ತಿಳಿಯಲು ಮಗಳು ಮೊದಲ ಮೂರಕ್ಕೆ ಹಲ್ಲುಕಡ್ಡಿ ಚುಚ್ಚಿದ್ದಳು. ಮರುದಿನ ತೋಡುವ ಕೆಲಸ ಅಮ್ಮನಿಗೆ ಕೊಟ್ಟೆವು, ಕಡ್ಡಿ ತೆಗೆದು, ಏನೂ ಹೇಳದೆ. ಕೂರಿಸಿದ ಮೂರೂ ಗಡ್ಡೆಯಿಂದ ಆರು ಬಟ್ಟಲು ಬಂದವು. ಇನ್ನೊಂದು ಗುಂಪಿನಲ್ಲಿ ಒಂದು ಗಡ್ಡೆ ನೆಟ್ಟಗೆ ಬಂತು, ಎರಡು ಅಂಚಿನಲ್ಲಿ ಹರಿದವು. ಆರೇ ಗಡ್ಡೆಯಿಂದ ವಿಜ್ಞಾನ ಸಾಬೀತಾಗುವುದಿಲ್ಲ ಎಂದು ನಾನು ಶುರುಮಾಡುವಷ್ಟರಲ್ಲಿ ಅಮ್ಮ ಹರಿದ ಎರಡನ್ನೂ ಪಕ್ಕಕ್ಕೆ ಸರಿಸಿ ಈರುಳ್ಳಿ ಹೆಚ್ಚತೊಡಗಿದ್ದಳು. ಬೆಳಗ್ಗೆ ಅವು ಅರಿಸಿನ, ಸಾಸಿವೆ ಹಾಕಿಸಿಕೊಂಡು ದೋಸೆಯೊಳಗೆ ಹೋದವು.